ಬಳ್ಳಿಯಲ್ಲಿ ಅಡಗಿದ ಚೆಂಡು

ಅಮೆರಿಕದ ಚಿಕಾಗೊ ನಗರದ ಉತ್ತರ ಭಾಗದಲ್ಲಿ, ಜನವಸತಿಯ ಬೀದಿಗಳ ನಡುವೆಯೇ, ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಕ್ರೀಡಾಂಗಣವಿದೆ. 1914ರಲ್ಲಿ ತೆರೆದ ಈ ಅಂಗಣದ ಇಟ್ಟಿಗೆ ಗೋಡೆಗೆ 1937ರಲ್ಲಿ ಐವಿ ಬಳ್ಳಿಯನ್ನು ಹಬ್ಬಿಸಿದರು. ಏಪ್ರಿಲ್‌ನಲ್ಲಿ ಒಣಕಡ್ಡಿಯಂತಿರುವ ಬಳ್ಳಿ ಬೇಸಿಗೆಯಲ್ಲಿ ಚಿಗುರಿ ಗೋಡೆಯನ್ನೇ ಮರೆಮಾಡುತ್ತದೆ. ಅಂಪೈರರಿಗೆ ತೊಡಕು ಹುಟ್ಟುವುದು ಆಗಲೇ.

ಈ ಆಟದಲ್ಲಿ ಚೆಂಡು ಜೀವಂತವಾಗಿರುವವರೆಗೆ ಓಟಗಾರರು ಬೇಸ್ ಎಂಬ ನಾಲ್ಕು ನೆಲೆಗಳನ್ನು ಸುತ್ತಿ ಓಡಬಹುದು. ಚೆಂಡು ಬಳ್ಳಿಯೊಳಗೆ ಸಿಕ್ಕಿಕೊಂಡಿತೆಂದರೆ ಅದು ನಿರ್ಜೀವ. ಹೊಡೆದವನಿಗೂ ಮುಂದಿರುವ ಓಟಗಾರರಿಗೂ ಎರಡೆರಡು ನೆಲೆಗಳಷ್ಟೇ ಸಲ್ಲುತ್ತವೆ. ಒಳಹೊಕ್ಕು ಹೊರಬಿದ್ದರೆ ಜೀವಂತವೇ. ಆದುದರಿಂದ ಜಾಣ ಕ್ಷೇತ್ರರಕ್ಷಕನು ಬಳ್ಳಿಗೆ ಕೈಹಾಕದೆ ಎರಡೂ ತೋಳುಗಳನ್ನೆತ್ತಿ ನಿಲ್ಲುತ್ತಾನೆ. ಇದು ಬರಿಯ ಬಿನ್ನಹ, ತೀರ್ಪಲ್ಲ. ತೀರ್ಪು ಅಂಪೈರರದು.

2015ರ ಅಕ್ಟೋಬರ್ 20ರಂದು, ನ್ಯಾಷನಲ್ ಲೀಗ್ ಚಾಂಪಿಯನ್‌ಷಿಪ್ ಸರಣಿಯ ಮೂರನೆಯ ಪಂದ್ಯದಲ್ಲಿ, ನ್ಯೂಯಾರ್ಕ್ ಮೆಟ್ಸ್ ತಂಡದ ವಿಲ್ಮರ್ ಫ್ಲೋರೆಸ್ ಹೊಡೆದ ಚೆಂಡು ಚಿಕಾಗೊ ಕಬ್ಸ್‌ನ ಹೋರ್ಹೆ ಸೊಲೆರ್‌ನನ್ನು ದಾಟಿ ಉರುಳುತ್ತ ಬಳ್ಳಿಯ ಬುಡವನ್ನು ಸೇರಿತು. ಮೊದಲ ನೆಲೆಯಿಂದ ಹೊರಟ ಮೈಕೆಲ್ ಕನ್ಫೋರ್ಟೊ ಸುತ್ತು ಮುಗಿಸಿಯೇಬಿಟ್ಟಿದ್ದನು. ಅಂಪೈರರು ಚೆಂಡು ಸಿಕ್ಕಿಕೊಂಡಿತೆಂದು ಸಾರಿ ಅವನನ್ನು ಮೂರನೆಯ ನೆಲೆಗೆ ಹಿಂದಿರುಗಿಸಿದರು. ಅವನ ಓಟ ಲೆಕ್ಕಕ್ಕೆ ಬರಲಿಲ್ಲ. ಚೆಂಡು ಸಿಕ್ಕದಿದ್ದರೆ ಅವನು ಹೇಗೂ ಮುಟ್ಟುತ್ತಿದ್ದನೆಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಎರಡು ನೆಲೆಯೆಂದರೆ ಎರಡೇ. ಇದು ಕಠೋರವೆಂದು ನನಗೂ ತೋರುತ್ತದೆ. ಆದರೆ ಊಹೆಗೆ ಎಡೆಗೊಟ್ಟರೆ ಪ್ರತಿಯೊಂದು ಎಲೆಯೂ ವ್ಯಾಜ್ಯಕ್ಕೆ ಕಾರಣವಾದೀತು! ಅಂದಿನ ಪಂದ್ಯವನ್ನಂತೂ ಮೆಟ್ಸ್ ತಂಡವೇ 5-2ರಿಂದ ಗೆದ್ದಿತು.