ಮೂಗಿನ ನಳಿಕೆ, ಮಗನ ಊಟ

ಹೊಟ್ಟೆನೋವು, ಭೇದಿ, ತೂಕ ಇಳಿಯುವುದು ಎಂದು ದೇವದುರ್ಗದಿಂದ ರಾಯಚೂರಿಗೆ ತಿಂಗಳುಗಟ್ಟಲೆ ಅಲೆದ ಮೇಲೆ ನನ್ನ ಹತ್ತು ವರ್ಷದ ಮಗನಿಗೆ ಕ್ರೋನ್ಸ್ ಎಂಬ ಕರುಳಿನ ಬಾವು ಎಂದು ಗೊತ್ತಾಯಿತು. 1932ರಲ್ಲಿ ಅಮೆರಿಕದ ಡಾ. ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಕಾಯಿಲೆಯಿದು. ಎಷ್ಟೋ ಮಕ್ಕಳಿಗೆ ಇದರ ಮೊದಲ ಮದ್ದು ಊಟವೇ! 6ರಿಂದ 8 ವಾರ ರೊಟ್ಟಿ, ಅನ್ನ ಎಲ್ಲ ಬಂದ್. ವೈದ್ಯರು ಹೇಳಿದ ಪೌಷ್ಟಿಕ ದ್ರವ ಮಾತ್ರ. ಅಷ್ಟನ್ನು ಕುಡಿಯಲಾಗದ್ದಕ್ಕೆ ಮೂಗಿನಿಂದ ಹೊಟ್ಟೆಗೆ ತೆಳು ನಳಿಕೆ ಹಾಕಿದರು.

ನಳಿಕೆ ನಾಲ್ಕು ದಿನಕ್ಕೆ ರೂಢಿಯಾಯಿತು. ಕಷ್ಟವಾದದ್ದು ನಮ್ಮ ಊಟದ ಹೊತ್ತು. "ಅವ್ವಾ, ನನಗ ರೊಟ್ಟಿ ಯಾವಾಗ ಕೊಡ್ತಿ?" ಎಂದರೆ ಕರುಳು ಹಿಂಡಿದಂತಾಗುತ್ತಿತ್ತು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಹೊಡೆಯಲು ಅವನ ಕೈಗೇ ಪೆನ್ಸಿಲ್ ಕೊಟ್ಟೆ. ಮನೆಯಲ್ಲಿ ಒಗ್ಗರಣಿ-ಮಿರ್ಚಿ ಮಾಡುವುದನ್ನು ಬಿಟ್ಟೆವು. ಆದರೆ ಅವನನ್ನು ಬೇರೆ ಕೂಡಿಸಲಿಲ್ಲ. ನಾವು ಉಣ್ಣುವಾಗಲೇ ಅವನ ಊಟವೂ.

ಆಸ್ಪತ್ರೆಯಲ್ಲಿ ಕಲಿಸಿದಂತೆ ನಳಿಕೆ ಸರಿಯಾದ ಜಾಗದಲ್ಲಿದೆಯೇ ಎಂದು ಪ್ರತಿಸಲ ನಾನು ನೋಡುತ್ತಿದ್ದೆ. ದಿಂಬಿಗೆ ಒರಗಿ ಕೂತು, ಊಟಕ್ಕೆ ಮುಂಚೆ, ಆಮೇಲೆ ಸಿರಿಂಜಿನಿಂದ ನೀರು ಬಿಡುವುದು ಅವನ ಕೆಲಸ. ಕೆಮ್ಮು ಬಂದರೆ, ಉಸಿರು ಕಟ್ಟಿದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು, ಮರೆಯಬೇಡಿ.

ಆ ನಡುವೆ ಮಾನ್ವಿಯ ತಂಗಿಯ ಮನೆಯಲ್ಲಿ ಮದುವೆ. ಹೆಂಗಸರು "ಅಯ್ಯೋ, ಪಾಪ!" ಎಂದರೆ ಅವನ ಮುಖ ಬಾಡುತ್ತಿತ್ತು. ಮಕ್ಕಳು "ಇದೇನೋ?" ಎಂದರೆ "ನನ್ನ ಊಟದ ಪೈಪು" ಎಂದು ಆಟಕ್ಕೆ ಓಡುತ್ತಿದ್ದ!

ಎಂಟು ವಾರದಲ್ಲಿ ನೋವು ಇಳಿಯಿತು, ತೂಕ ಮೂರು ಕಿಲೋ ಏರಿತು. ಈಗ ವೈದ್ಯರು ಹೇಳಿದ ಕ್ರಮದಲ್ಲಿ ಒಂದೊಂದೇ ಪದಾರ್ಥ ಶುರುವಾಗಿದೆ. ಸೋದರಿಯರೇ, ಇಂಥ ಮಗುವಿಗೆ ಮರುಕ ಬೇಡ. ಪಂಕ್ತಿಯಲ್ಲಿ ಜಾಗ ಕೊಡಿ.