ಚಪ್ಪಟೆ ಮೂತಿಯ ಚೆಲುವು

ನಾಯಿಮರಿ ಮಾರುವವರ ಬಾಯಲ್ಲಿ ಎರಡು ಮಾತು ಸದಾ ಓಡಾಡುತ್ತಿರುತ್ತವೆ: ‘ಪೆಟ್ ಕ್ವಾಲಿಟಿ’ ಮತ್ತು ‘ಶೋ ಕ್ವಾಲಿಟಿ’. ಒಂದೇ ತಾಯಿಗೆ ಒಂದೇ ದಿನ ಹುಟ್ಟಿದ ಮರಿಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸಿ, ಎರಡನೆಯ ಪಂಕ್ತಿಯವಕ್ಕೆ ದುಪ್ಪಟ್ಟು ಬೆಲೆ ಹೇಳುತ್ತಾರೆ. ಮೈಸೂರಿನ ನಮ್ಮ ಚಿಕ್ಕಮ್ಮನ ಮನೆಯ ಪಗ್, ಹೆಸರು ಗುಂಡ, ಎರಡನೆಯ ಪಂಕ್ತಿಯವನು. ಮೂರು ವರ್ಷದ ಹಿಂದೆ ಅವನನ್ನು ತರುವಾಗ ಕೇಳಿದ ಆ ಮಾತು ಈ ಬೇಸಿಗೆಯಲ್ಲಿ ಮತ್ತೆ ಮನೆಗೆ ಬಂತು. ಪರಿಚಯದವರೊಬ್ಬರು ತಮ್ಮ ಮನೆಯ ಹೆಣ್ಣು ಪಗ್‌ಗೆ ಗುಂಡನನ್ನು ಕೇಳಿದ್ದರು. ಹುಟ್ಟುವ ಮರಿಗಳಲ್ಲಿ ಒಂದನ್ನು ಕೊಡುತ್ತೇವೆ ಎಂದಿದ್ದರು. ಇಂಜಿನಿಯರಿಂಗ್ ಓದುವ ತಮ್ಮನಿಗೆ ಇನ್ನೂ ಒಂದು ಆಸೆ: ಬೆಂಗಳೂರಿನ ಡಾಗ್ ಶೋನಲ್ಲಿ ಗುಂಡನನ್ನು ನಿಲ್ಲಿಸಬೇಕು. “ಪಿಎಚ್‌ಡಿ ಮಾಡ್ತಿರೋಳು ನೀನು, ಅಲ್ಲಿ ಏನೇನು ನೋಡ್ತಾರೆ ಅಂತ ಓದಿ ಹೇಳಕ್ಕ” ಎಂದ. ನನ್ನ ಪಿಎಚ್‌ಡಿ ಹಳೆಯ ಓಲೆಗರಿಗಳ ಪಾಠಾಂತರಗಳ ಮೇಲೆ. ಆದರೂ ಓದಿದೆ.

ಪ್ರತಿಯೊಂದು ತಳಿಗೂ ಒಂದು ಲಿಖಿತ ಮಾನದಂಡವಿದೆ. ಲಂಡನ್ನಿನ ಕೆನಲ್ ಕ್ಲಬ್ 1873ರಲ್ಲಿ ಶುರುವಾಯಿತು. ಇಂಥ ಸಂಸ್ಥೆಗಳೇ ಈ ಮಾನದಂಡಗಳ ಒಡೆಯರು. ಪಗ್‌ನ ಪಾಲಿಗೆ ಬಂದಿರುವ ವರ್ಣನೆ ನಮ್ಮ ಹಳೆಯ ಕಾವ್ಯಗಳ ನಖಶಿಖಾಂತ ವರ್ಣನೆಗೇನೂ ಕಡಿಮೆಯಿಲ್ಲ. ತೂಕ 6.3ರಿಂದ 8.1 ಕಿಲೋ. ದೇಹ ಚೌಕಾಕಾರ, ಗಟ್ಟಿಮುಟ್ಟು. ತಲೆ ದೊಡ್ಡದು, ಗುಂಡಗೆ. ಕಣ್ಣು ಕಪ್ಪು, ದೊಡ್ಡದು, ಹೊಳೆಯುವಂಥದು. ಕಿವಿ ಮಖಮಲ್ಲಿನಂತೆ ಮೆತ್ತಗೆ. ಮುಖದ ಕಪ್ಪು ಮುಸುಕು ಸ್ಪಷ್ಟವಾಗಿರಬೇಕು. ಬಾಲ ಮೇಲೆದ್ದು ಸೊಂಟದ ಮೇಲೆ ಬಿಗಿಯಾಗಿ ಸುತ್ತಿಕೊಳ್ಳಬೇಕು. ಎರಡು ಸುತ್ತು ಬಂದರೆ ಇನ್ನೂ ಒಳ್ಳೆಯದು. ಇಷ್ಟನ್ನೂ ಒಂದು ಲ್ಯಾಟಿನ್ ನುಡಿಯಲ್ಲಿ ಹಿಡಿದಿಟ್ಟಿದ್ದಾರೆ: ‘ಮಲ್ಟಮ್ ಇನ್ ಪಾರ್ವೊ’, ಚಿಕ್ಕದರಲ್ಲಿ ಬಹಳಷ್ಟು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ನಮ್ಮ ಮಾತಿನ ದಾಯಾದಿ. ಗುಂಡನ ಬಾಲಕ್ಕೆ ಎರಡು ಸುತ್ತಿವೆ. ತಮ್ಮ ಅದನ್ನು ಎಣಿಸಿ ಎಣಿಸಿ ಖುಷಿಪಟ್ಟ.

ಸ್ಪರ್ಧೆಯಲ್ಲಿ ಪಕ್ಕದ ನಾಯಿಗಿಂತ ಈ ನಾಯಿ ಚೆಂದವೇ ಎಂದು ನೋಡುತ್ತಾರೆ ಅಂತ ನಾವು ತಿಳಿದಿರುತ್ತೇವೆ. ಹಾಗಲ್ಲ. ಪ್ರತಿ ನಾಯಿಯನ್ನೂ ತೀರ್ಪುಗಾರರು ಅದರ ತಳಿಯ ಮಾನದಂಡದ ಜೊತೆ ಹೋಲಿಸುತ್ತಾರೆ. ಪುಟ್ಟ ನಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಕೂದಲ ಕೆಳಗಿನ ಮೂಳೆಯನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ನೆಲಕ್ಕಿಳಿಸಿ ನಡೆಸುತ್ತಾರೆ: ಮುಂಗಾಲು ನೇರ ಬೀಳುತ್ತದೆಯೇ, ಬೆನ್ನು ಸಮವಾಗಿದೆಯೇ. ಅಪರಿಚಿತರು ಮುಟ್ಟಿದರೆ ಅಳುಕದೆ, ಕಚ್ಚಲು ಹೋಗದೆ ನಿಲ್ಲುವ ಸ್ವಭಾವಕ್ಕೂ ಬೆಲೆಯಿದೆ. ಗೆದ್ದ ನಾಯಿ ಎಂದರೆ ಕಾಗದಕ್ಕೆ ಅತಿ ಹತ್ತಿರವಿರುವ ನಾಯಿ.

ಇದೆಲ್ಲದರ ಮೂಲ ಉದ್ದೇಶ ಮುಂದಿನ ಪೀಳಿಗೆಗೆ ತಾಯಿತಂದೆಯರನ್ನು ಆರಿಸುವುದು. ಆದ್ದರಿಂದಲೇ ಅಮೆರಿಕನ್ ಕೆನಲ್ ಕ್ಲಬ್ಬಿನ ಈ ಬಗೆಯ ಸ್ಪರ್ಧೆಗಳಲ್ಲಿ ಸಂತಾನಹರಣ ಮಾಡಿಸಿದ ನಾಯಿಗೆ ಪ್ರವೇಶವಿಲ್ಲ. ಅಲ್ಲಿಗೆ ಡಾಗ್ ಶೋ ಮತ್ತು ಪರಿಚಯದವರ ಕೋರಿಕೆ ಎರಡೂ ಒಂದೇ ಪ್ರಶ್ನೆಗೆ ಬಂದು ನಿಂತವು: ಗುಂಡನಂಥವರು ಇನ್ನಷ್ಟು ಹುಟ್ಟಬೇಕೆ?

ಗುಂಡ ಗೊರಕೆ ಹೊಡೆಯುತ್ತಾನೆ. ಥೇಟ್ ಅಜ್ಜನ ಗೊರಕೆ ಎಂದು ಮನೆಮಂದಿಯೆಲ್ಲ ನಗುವುದುಂಟು. ಏಪ್ರಿಲ್ ಬಂತೆಂದರೆ ಬಚ್ಚಲುಮನೆಯ ತಣ್ಣನೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತಾನೆ, ಕರೆದರೂ ಏಳುವುದಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ಗಳ ಮೂತಿಯ ಮೂಳೆ ಗಿಡ್ಡವಾಗಿದೆ, ಆದರೆ ಒಳಗಿನ ಮಾಂಸಲ ಭಾಗ ಅದಕ್ಕೆ ತಕ್ಕಂತೆ ಕುಗ್ಗಿಲ್ಲ. ಉದ್ದನೆಯ ಮೆದು ಅಂಗಳ ಗಂಟಲಿಗೆ ಅಡ್ಡ ಬರುತ್ತದೆ, ಮೂಗಿನ ಹೊಳ್ಳೆ ಸೀಳಿನಷ್ಟೇ ಉಳಿಯುತ್ತದೆ. ನಾವು ಗೊರಕೆ ಎಂದು ನಗುವುದು ಗಾಳಿಗಾಗಿ ನಡೆಯುವ ಜಗ್ಗಾಟ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ, ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಇನ್ನು ಸಾಮಾನ್ಯ ನಾಯಿ ಎಂದು ಪರಿಗಣಿಸುವಂತಿಲ್ಲ ಎಂದೇ ಬರೆದರು.

ಪಗ್ ಯಾವಾಗಲೂ ಹೀಗಿರಲಿಲ್ಲ. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನನ್ನೂ ತನ್ನ ಪಗ್ ಟ್ರಂಪ್‌ನನ್ನೂ ಒಂದೇ ಚಿತ್ರದಲ್ಲಿ ಬರೆದ. ಆ ನಾಯಿಗೆ ಮೂತಿಯೆಂಬುದು ಇದೆ. ನೋಡಿದರೆ, ಗುಂಡನ ಮುತ್ತಜ್ಜ ಸರಾಗವಾಗಿ ಉಸಿರಾಡುತ್ತಿದ್ದ ಅನ್ನಿಸುತ್ತದೆ. ಆಮೇಲೆ ಪೀಳಿಗೆ ಪೀಳಿಗೆಗೂ ಗಿಡ್ಡ ಮೂತಿಯನ್ನೇ ಆರಿಸುತ್ತ ಬಂದದ್ದರ ಫಲ ಇಂದಿನ ಮುಖ. ನಮ್ಮಲ್ಲಿ 2003ರ ಹಚ್ ಜಾಹೀರಾತಿನ ಹುಡುಗನ ಹಿಂದೆ ಪುಟುಪುಟು ನಡೆದು ಬಂದದ್ದು ಈ ಮುಖವೇ. ಈಗಲೂ ಗುಂಡನನ್ನು ಕಂಡವರು ‘ಹಚ್ ನಾಯಿ’ ಎನ್ನುತ್ತಾರೆ.

ನನ್ನ ಕೆಲಸದಲ್ಲಿ ಇದಕ್ಕೆ ಹೋಲುವ ಸಂಗತಿಯೊಂದಿದೆ. ಒಂದು ಕಾವ್ಯದ ಹತ್ತು ಪ್ರತಿಗಳು ಸಿಕ್ಕಿದರೆ ಸಂಪಾದಕರಿಗೆ ಸಂಭ್ರಮ. ಆದರೆ ಹತ್ತೂ ಒಂದೇ ಮಾತೃಪ್ರತಿಯಿಂದ ನಕಲಾದವು ಎಂದು ತಿಳಿದರೆ, ಅವುಗಳ ಸಾಕ್ಷ್ಯ ಹತ್ತಲ್ಲ, ಒಂದೇ. ಮೊದಲ ಲಿಪಿಕಾರ ಬಿಟ್ಟ ಸಾಲು ಹತ್ತರಲ್ಲೂ ಇರುವುದಿಲ್ಲ. ಅದನ್ನು ತುಂಬಲು ಬೇರೆ ಶಾಖೆಯ ಓಲೆಗರಿ ಬೇಕು. ‘ಶುದ್ಧ ತಳಿ’ ಎಂದರೂ ಹೀಗೆಯೇ: ವಂಶಾವಳಿಯ ಪುಸ್ತಕ ಮುಚ್ಚಿ, ಒಳಗಿನವರಿಗೆ ಒಳಗಿನವರನ್ನೇ ಕೂಡಿಸುತ್ತ ಹೋಗುವುದು. ದೋಷ ಒಮ್ಮೆ ಒಳಗೆ ಬಂದರೆ ಅಲ್ಲೇ ಸುತ್ತುತ್ತದೆ. 2022ರಲ್ಲಿ ತೆರೆಗೆ ಬಂದ ‘777 ಚಾರ್ಲಿ’ ಸಿನಿಮಾ ನೋಡಿ ಕಣ್ಣೊರೆಸಿಕೊಂಡವರಿಗೆ ಈ ಒಳಸಂಬಂಧದ ಕತೆ ಹೊಸದಲ್ಲ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕಾಡುತ್ತದೆ. ನಮ್ಮ ಲಿಪಿಕಾರರು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕು ಎಂದು ಬೇಡಿಕೊಳ್ಳುತ್ತಿದ್ದರು. ಇಲ್ಲಿ ತಪ್ಪನ್ನೇ ಲಕ್ಷಣವೆಂದು ಓದಿ ಪದಕ ಕೊಡುವ ಅಪಾಯವಿದೆ.

ತಿದ್ದುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಬಿಬಿಸಿ 2008ರಲ್ಲಿ ತಳಿನಾಯಿಗಳ ಕಾಯಿಲೆಗಳ ಕುರಿತು ಸಾಕ್ಷ್ಯಚಿತ್ರ ಪ್ರಸಾರ ಮಾಡಿ ದೊಡ್ಡ ಗದ್ದಲವಾಯಿತು. ಕೆನಲ್ ಕ್ಲಬ್ ತನ್ನ ಮಾನದಂಡಗಳನ್ನು ಮತ್ತೆ ಪರಿಶೀಲಿಸಿತು. ಪಗ್‌ನ ಮೂಗಿನ ಹೊಳ್ಳೆ ಚೆನ್ನಾಗಿ ತೆರೆದಿರಬೇಕು ಎಂಬ ಮಾತು ಈಗ ಅದರಲ್ಲಿದೆ. 2019ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಜೊತೆ ಸೇರಿ ಉಸಿರಾಟದ ಪರೀಕ್ಷೆಯನ್ನೂ ಆರಂಭಿಸಿತು. ಪಶುವೈದ್ಯರು ಮೊದಲು ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ, ನಾಯಿಯನ್ನು ಮೂರು ನಿಮಿಷ ಚುರುಕಾಗಿ ಓಡಿಸುತ್ತಾರೆ, ಮತ್ತೆ ಕೇಳುತ್ತಾರೆ. ಸೊನ್ನೆಯಿಂದ ಮೂರರವರೆಗೆ ದರ್ಜೆ. ಇಲ್ಲಿ ಸೊನ್ನೆ ಬಂದವನೇ ಜಾಣ. ಮೂರು ಬಂದ ನಾಯಿಯಿಂದ ಮರಿ ಮಾಡಿಸಬಾರದು.

ಇದನ್ನೆಲ್ಲ ಹೇಳಿದಾಗ ಚಿಕ್ಕಮ್ಮ, “ಹಾಗಾದ್ರೆ ಮೊದಲು ಡಾಕ್ಟರಿಗೆ ತೋರಿಸೋಣ” ಎಂದರು. ಬೆಳಗಿನ ತಂಪಿನಲ್ಲೇ ಕರೆದುಕೊಂಡು ಹೋದೆವು. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ತಮ್ಮ ಗುಂಡನನ್ನು ಓಡಿಸಿದ. ವಾಪಸು ಬಂದಾಗ ಆ ಸದ್ದು ಕೇಳಲು ಸ್ಟೆತಾಸ್ಕೋಪ್ ಬೇಕಿರಲಿಲ್ಲ. ಡಾಕ್ಟರು ಅವನ ಮೂಗಿನ ಹೊಳ್ಳೆಯನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿ ಹಿಡಿದರು. ಸದ್ದು ಅರ್ಧಕ್ಕಿಳಿಯಿತು. ತೂಕ ಏರಲು ಬಿಡಬೇಡಿ, ಕುತ್ತಿಗೆಪಟ್ಟಿ ತೆಗೆದು ಎದೆಪಟ್ಟಿ ಹಾಕಿ, ಹೊಳ್ಳೆ ಅಗಲ ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿದರೆ ಒಳ್ಳೆಯದು, ಮರಿ ಮಾಡಿಸುವುದು ಬೇಡ ಎಂದರು.

ತಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, “ಮತ್ತೆ ದುಪ್ಪಟ್ಟು ದುಡ್ಡು ಕೊಟ್ಟಿದ್ದು ಯಾತಕ್ಕಮ್ಮ?” ಎಂದ. “ಮೂತಿಗೆ ಕೊಟ್ಟಿದ್ದಾಯ್ತು, ಇನ್ನು ಉಸಿರಿಗೂ ಕೊಡೋಣ ಬಿಡು” ಎಂದರು ಚಿಕ್ಕಮ್ಮ.

ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ. ಪರಿಚಯದವರಿಗೆ ಚಿಕ್ಕಮ್ಮನೇ ಫೋನ್ ಮಾಡಿ, ಗುಂಡನನ್ನು ಕಳಿಸುವುದಿಲ್ಲ ಎಂದರು. ಆ ಕಡೆಯವರು ಬೇಜಾರು ಮಾಡಿಕೊಳ್ಳಲಿಲ್ಲ; ಬೆಂಗಳೂರಿನಲ್ಲಿ ಇನ್ನೊಂದು ಗಂಡು ಸಿಗುತ್ತದೆ, ಅದೂ ಶೋ ಕ್ವಾಲಿಟಿಯೇ ಎಂದರಂತೆ. “ಸರಿ, ಕೂಡಿಸೋ ಮುಂಚೆ ಎರಡನ್ನೂ ಡಾಕ್ಟರ ಹತ್ರ ಮೂರು ನಿಮಿಷ ಓಡಿಸಿ ನೋಡಿ” ಎಂದು ಹೇಳಿ ಚಿಕ್ಕಮ್ಮ ಫೋನ್ ಇಟ್ಟರು.