ಹಗ್ಗ ಹಿಡಿದವನ ಮಾತು

ಗುಡ್ಡ ಹತ್ತುವವರು ಮಿತಭಾಷಿಗಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಂಡೆಯ ಹತ್ತಿರ ಒಂದು ದಿನ ಕಳೆದು ನೋಡಿ. ಒಬ್ಬ ಮೇಲಿರುತ್ತಾನೆ, ಒಬ್ಬ ಕೆಳಗೆ ಅವನ ಹಗ್ಗ ಹಿಡಿದಿರುತ್ತಾನೆ, ಮಿಕ್ಕವರೆಲ್ಲ ನೆರಳಲ್ಲಿ ಕೂತು ತಮ್ಮ ಸರದಿ ಕಾಯುತ್ತಿರುತ್ತಾರೆ. ಕಾಯುವವರಿಗೆ ಬಾಯಿಗಲ್ಲದೆ ಬೇರಾವುದಕ್ಕೂ ಕೆಲಸವಿಲ್ಲ. ಮಂಡಕ್ಕಿ ಪೊಟ್ಟಣ ಬಿಚ್ಚಿದ ಮೇಲೆ ಮುಖ್ಯಮಂತ್ರಿಯಿಂದ ಹಿಡಿದು ಮೊಬೈಲ್ ಟವರ್‌ವರೆಗೆ ಎಲ್ಲದರ ಪಂಚಾಯ್ತಿಯೂ ಅಲ್ಲೇ ಮುಗಿಯುತ್ತದೆ.

ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಅಭಿಪ್ರಾಯವಿದ್ದವನು ನಾನು. ಮನೆ ತೆಲಂಗಾಣದ ಮಕ್ತಲ್, ಅಂಗಡಿ ಗದ್ವಾಲ್‌ನಲ್ಲಿ. ಮೊಬೈಲ್ ರಿಪೇರಿ ಕೆಲಸ. ಅಂಗಡಿಗೆ ಬರುವ ಗಿರಾಕಿಗಳ ಜತೆ ತೆಲುಗು, ಮನೆಯಲ್ಲಿ ಕನ್ನಡ, ಹೆಂಡತಿಯ ತವರು ರಾಯಚೂರು. ವಯಸ್ಸಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ರವಿವಾರಕ್ಕೊಮ್ಮೆ ತುರಹಳ್ಳಿ, ರಾಮನಗರ ಅಂತ ಸುತ್ತುತ್ತಿದ್ದ ಹುಡುಗರ ಬೆನ್ನು ಹತ್ತಿ ಈ ಚಟ ಅಂಟಿಸಿಕೊಂಡೆ. ಊರಿಗೆ ಬಂದ ಮೇಲೆ ನೋಡಿದರೆ ನಮ್ಮ ಕಡೆ ಬಂಡೆಗೆ ಏನು ಬರ! ಕೃಷ್ಣೆಯ ದಂಡೆಯುದ್ದಕ್ಕೂ ಕಣಶಿಲೆಯ ಗುಡ್ಡಗಳೇ. ಚಳಿಗಾಲದಲ್ಲಿ ಮುಟ್ಟಿದರೆ ಬೆರಳಿಗೆ ಗಟ್ಟಿಯಾಗಿ ಕಚ್ಚುತ್ತವೆ, ಬೇಸಿಗೆಯಲ್ಲಿ ಹಂಚಿನಂತೆ ಸುಡುತ್ತವೆ. ನಾವು ಹತ್ತುವ ಗುಡ್ಡ ಮಕ್ತಲ್‌ನಿಂದ ಕೃಷ್ಣಾ ಸ್ಟೇಷನ್ ಕಡೆ ಹೋಗುವ ದಾರಿಯಲ್ಲಿ ಒಳಗಿದೆ. ಅದರ ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ಮುಂದಿನ ವಾರ ಯಾರೋ ಬಂದು ಸುಣ್ಣದಲ್ಲಿ ಬಾಣದ ಗುರುತು ಹಾಕುತ್ತಾರೆ, ಅದರ ಮುಂದಿನ ವಾರ ಬಿರಿಯಾನಿ ಪೊಟ್ಟಣ ಬಿದ್ದಿರುತ್ತದೆ. ಇದೂ ನನ್ನ ಅಭಿಪ್ರಾಯಗಳಲ್ಲಿ ಒಂದು, ಈಗಲೂ ಬಿಟ್ಟಿಲ್ಲ.

ಆಗ ನನ್ನಲ್ಲಿದ್ದ ಉಳಿದವುಗಳಲ್ಲಿ ಕೆಲವನ್ನು ಹೇಳುತ್ತೇನೆ. ಸರಕಾರ ಅನ್ನುವುದು ಸಾಹಸಕ್ಕೆ ನಯಾಪೈಸೆ ಕೊಡುವುದಿಲ್ಲ. ಮೊಬೈಲು ಹುಡುಗರ ಗಮನವನ್ನು ಕೊಂದಿದೆ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿ ಹುಡುಗರು ಕೆಡುತ್ತಾರೆ. ಮುಡುಮಾಲದ ನಿಲುವುಗಲ್ಲುಗಳಿಗೆ ಎಂದೋ ಬೇಲಿ ಹಾಕಿ ಕಾವಲಿಡಬೇಕಿತ್ತು. ಆಳೆತ್ತರಕ್ಕೂ ಮೀರಿದ ಆ ಕಲ್ಲುಗಳು, ಸಪ್ತರ್ಷಿ ಮಂಡಲದ ಹಾಗೆ ಗುಳಿ ಕೊರೆದ ಆ ಬಂಡೆ ಇರುವುದು ನಮ್ಮ ನಾರಾಯಣಪೇಟೆ ಜಿಲ್ಲೆಯಲ್ಲೇ. 2025ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದಾಗ ನಾನೇ ಸೇರಿಸಿದವನಂತೆ ಅಂಗಡಿಯಲ್ಲಿ ಪೇಡೆ ಹಂಚಿದ್ದೆ. ಎಲ್ಲಕ್ಕಿಂತ ದೊಡ್ಡ ಅಭಿಪ್ರಾಯ 1956ರ ಬಗ್ಗೆ. ರಾಜ್ಯ ವಿಂಗಡಣೆಯಲ್ಲಿ ನಮ್ಮನ್ನೆಲ್ಲ ರಾಯಚೂರಿನಿಂದ ಕಿತ್ತು ಆಚೆ ಹಾಕಿದರು, ಅಲ್ಲಿಂದ ನಮ್ಮ ಕನ್ನಡ ಅನಾಥವಾಯಿತು ಅಂತ.

ಇವಕ್ಕೆಲ್ಲ ಎದುರುತ್ತರ ಕೊಡುತ್ತಿದ್ದವರು ಗುಂಪಿನ ಮಾಸ್ತರು. ಗಡಿಯ ಕನ್ನಡ ಶಾಲೆಯೊಂದರಲ್ಲಿ ಕಲಿಸುತ್ತಾರೆ, ಮಾತು ಕಡಿಮೆ, ಆಡಿದರೆ ಆಧಾರ ಇರುತ್ತದೆ. ಸರಕಾರದ ಬಗ್ಗೆ ನಾನು ಕೂಗಾಡಿದ ದಿನ ಅವರು ಹೇಳಿದ್ದು: "ಪೂರ್ಣಾ ಯಾವ ಶಾಲೆಯ ಹುಡುಗಿ ರೀ? ಸರಕಾರಿ ವಸತಿ ಶಾಲೆಯಾಕಿ ಅಲ್ಲೇನು?" ನಿಜ. ನಿಜಾಮಾಬಾದ್ ಜಿಲ್ಲೆಯ ಮಾಲಾವತ್ ಪೂರ್ಣಾ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಯಲ್ಲಿ ಓದುತ್ತಿದ್ದಳು, ಭುವನಗಿರಿಯ ಬಂಡೆಯ ಮೇಲೆ ಹತ್ತುವುದನ್ನು ಕಲಿತಳು, 2014ರ ಮೇ 25ರಂದು ಹದಿನಾಲ್ಕು ತುಂಬುವ ಮೊದಲೇ ಎವರೆಸ್ಟ್ ಮೇಲೆ ನಿಂತಳು. ತೆಲಂಗಾಣ ರಾಜ್ಯ ಹುಟ್ಟಿದ್ದು ಅದಾದ ಎಂಟು ದಿನಕ್ಕೆ. ನಾನು ಆ ದಿನ ಮಾತು ಬದಲಿಸಿದೆ. ಸೋತೆ ಅಂತ ಒಪ್ಪಿಕೊಳ್ಳಲಿಲ್ಲ.

ಇನ್ನು ಹಗ್ಗದ ವಿಷಯ. ಲೀಡ್ ಹತ್ತುವುದು ಅಂದರೆ ಹಗ್ಗ ಮೇಲಿನಿಂದ ಇಳಿಬಿದ್ದಿರುವುದಿಲ್ಲ. ಹತ್ತುವವನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಕೆಳಗಿನಿಂದ ಒಯ್ಯುತ್ತಾನೆ. ದಾರಿಯಲ್ಲಿ ಬಂಡೆಗೆ ಹೊಡೆದ ಬೋಲ್ಟುಗಳಿಗೆ ಕೊಕ್ಕೆ ಹಾಕಿ ಹಗ್ಗ ಸಿಕ್ಕಿಸುತ್ತ ಹೋಗುತ್ತಾನೆ. ಬೋಲ್ಟಿಗಿಂತ ಒಂದು ಮೀಟರ್ ಮೇಲಿದ್ದಾಗ ಕೈ ಜಾರಿದರೆ ಬೀಳುವುದು ಒಂದಲ್ಲ, ಎರಡು ಮೀಟರ್. ಅದರ ಮೇಲೆ ಕೆಳಗಿನವನು ಬಿಟ್ಟಿರುವ ಸ್ಲ್ಯಾಕ್, ಅಂದರೆ ಸಡಿಲ ಹಗ್ಗ, ಸೇರುತ್ತದೆ, ಅದರ ಮೇಲೆ ಹಗ್ಗ ತಾನೇ ಹಿಗ್ಗುವುದು ಸೇರುತ್ತದೆ. ಹಿಗ್ಗುವುದಕ್ಕೆಂದೇ ಮಾಡಿದ ಹಗ್ಗ ಅದು, ಹಿಗ್ಗದಿದ್ದರೆ ಬಿದ್ದವನ ಸೊಂಟ ಮುರಿಯುತ್ತದೆ. ಹಾಗಾಗಿ ಕೆಳಗೆ ನಿಂತವನ ಕೆಲಸ ಬರೀ ಹಿಡಿದುಕೊಳ್ಳುವುದಲ್ಲ. ಬೇಕಾದಾಗ ಮೊಳ ಕೊಡಬೇಕು, ಬೇಡವಾದ ಕೂಡಲೇ ವಾಪಸು ಎಳೆದುಕೊಳ್ಳಬೇಕು. ಕಣ್ಣು ಮೇಲೆಯೇ ಇರಬೇಕು. ಕತ್ತು ನೋಯುತ್ತದೆ, ನೋಯಲಿ.

ನನ್ನಲ್ಲಿದ್ದದ್ದು ಜರ್ಕ್ ಬಿದ್ದರೆ ತಾನೇ ಹಗ್ಗ ಕಚ್ಚಿ ಹಿಡಿಯುವ ಬಿಲೇ ಸಾಧನ. ಒಳಗೆ ಒಂದು ತಿರುಗುವ ಗಾಲಿ, ಹಗ್ಗ ರಭಸದಿಂದ ಓಡಿದರೆ ಅದು ತಿರುಗಿ ಒತ್ತುತ್ತದೆ. ಅಂಗಡಿಯಲ್ಲಿ ಬಿಚ್ಚಿ ಜೋಡಿಸುವ ಬುದ್ಧಿಯವನು ನಾನು, ಆ ಯಂತ್ರದ ಮೇಲೆ ನನಗೆ ಭಾರಿ ಪ್ರೀತಿ. ಹೊಸ ಹುಡುಗರಿಗೆ ಅದನ್ನು ತೋರಿಸಿ, "ನಿದ್ದಿ ಬಂದರೂ ಇದು ಎಚ್ಚರ ಇರತೈತಿ" ಅಂತ ಹೇಳುತ್ತಿದ್ದೆ. ಕೈ ಹಗ್ಗದ ಮೇಲೆ ಸದಾ ಇರಬೇಕು ಅಂತ ಅದರ ಡಬ್ಬಿಯೊಳಗಿನ ಹಾಳೆಯಲ್ಲೇ ಬರೆದಿರುತ್ತದೆ. ಹಾಳೆ ಓದುವವರು ಬೇರೆ, ಭಾಷಣ ಮಾಡುವವರು ಬೇರೆ.

ಆ ದಿನ ಮೇಲೆ ಇದ್ದವನು ನನ್ನ ಹೆಂಡತಿಯ ತಮ್ಮ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್‌ನಲ್ಲಿ ಕೆಲಸ, ನನ್ನನ್ನು ನೋಡಿ ನೋಡಿ ಹತ್ತುವುದಕ್ಕೆ ಬಂದವನು, ಈಗ ನನಗಿಂತ ಚೆನ್ನಾಗಿ ಹತ್ತುತ್ತಾನೆ. ಮೂರನೆಯ ಬೋಲ್ಟ್ ದಾಟಿ ನಾಲ್ಕನೆಯದರ ಹತ್ತಿರ ಹೋಗಿ "ಸ್ಲ್ಯಾಕ್, ಮಾವ" ಅಂದ. ಎರಡು ತೋಳಿನಷ್ಟು ಹಗ್ಗ ಕೊಟ್ಟೆ. ಅವನಿಗೆ ಸಿಕ್ಕಿಸಲು ಆಗಲಿಲ್ಲ, ಕೈ ಸೋತಿತ್ತು, ಹಗ್ಗ ಬಿಟ್ಟು ಎರಡೂ ಕೈಯಿಂದ ಬಂಡೆ ಹಿಡಿದ. ಆ ಕ್ಷಣ ನಾನು ಕೊಟ್ಟ ಹಗ್ಗವನ್ನು ವಾಪಸು ಎಳೆದುಕೊಳ್ಳಬೇಕಿತ್ತು.

ನಾನು ಹಿಂದಕ್ಕೆ ತಿರುಗಿದ್ದೆ. ನೆರಳಲ್ಲಿದ್ದ ಮಾಸ್ತರು 1956ರ ಬಗ್ಗೆ ಏನೋ ಅಂದಿದ್ದರು. "ಮಕ್ತಲ್ಲೂ ರಾಯಚೂರು ಜಿಲ್ಲೆಯೇ ಆಗಿತ್ತು ರೀ, ನಮ್ಮಜ್ಜನ ಕಾಗದಪತ್ರ ಅದಾವ" ಅಂತ ನಾನು ಹೇಳುತ್ತಿದ್ದೆ. ಕೈಯೆತ್ತಿ ಹೇಳುತ್ತಿದ್ದೆ; ಹಗ್ಗವಿಲ್ಲದ ಕೈ, ಅಷ್ಟು ಮಾತ್ರ ನನ್ನ ಪುಣ್ಯ.

ಸಾಧನ ಕೆಲಸ ಮಾಡಿತು, ಅದರ ಮೇಲೆ ದೂರಿಲ್ಲ. ಟಕ್ ಅಂತ ಹಿಡಿಯಿತು. ಹಿಡಿಯುವ ಹೊತ್ತಿಗೆ ಅವನ ಬಲಗಾಲಿನ ಹಿಮ್ಮಡಿ ಕೆಳಗಿನ ಕಟ್ಟೆಯಂಥ ಬಂಡೆಗೆ ತಗಲಿ ಆಗಿತ್ತು. ನಾನು ಎಳೆದುಕೊಳ್ಳದೆ ಬಿಟ್ಟಿದ್ದ ಆ ಎರಡು ತೋಳು ಹಗ್ಗ ಇಲ್ಲದಿದ್ದರೆ ಅವನು ಗಾಳಿಯಲ್ಲಿ ತೂಗಾಡಿ, ನನ್ನನ್ನು ಬೈದು, ಮತ್ತೆ ಹತ್ತುತ್ತಿದ್ದ.

ಕೆಳಗಿಳಿಸಿದೆವು. ಹತ್ತುವ ಬೂಟು ಬೆರಳು ಮಡಚುವಷ್ಟು ಬಿಗಿ ಇರುತ್ತದೆ, ಅದರೊಳಗೆ ಕಾಲು ಊದತೊಡಗಿತ್ತು. ಎಳೆದರೆ ಕೂಗುತ್ತಾನೆ. ಮಾಸ್ತರು ಈರುಳ್ಳಿ ಹೆಚ್ಚಲು ತಂದಿದ್ದ ಚಾಕುವಿನಿಂದ ಮೇಲುಭಾಗದ ಪಟ್ಟಿ ಕೊಯ್ದು, ಹಿಮ್ಮಡಿಯ ರಬ್ಬರಿನ ಹತ್ತಿರ ಬಂದಾಗ ಕೈ ನಿಲ್ಲಿಸಿ, ಅವನ ಮುಖ ನೋಡಿ, ಮತ್ತೆ ಕೊಯ್ದರು. ಆ ಬೂಟು ಅವನು ಒಂದು ಸುಗ್ಗಿಯ ಓವರ್‌ಟೈಮ್ ದುಡ್ಡಿನಲ್ಲಿ ಕೊಂಡದ್ದು. ಅಲ್ಲೇ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೇಳದೆಯೇ ಕಂಬಳಿ ಬಿಚ್ಚಿ ಹಾಸಿದರು. ನಾಲ್ಕು ಮೂಲೆ ನಾಲ್ವರು ಹಿಡಿದು ರಸ್ತೆಗೆ ತಂದೆವು. ಅವರೂ ಒಂದು ಮೂಲೆ ಹಿಡಿದಿದ್ದರು, ರಸ್ತೆ ಮುಟ್ಟುವವರೆಗೆ ಕುರಿಗಳ ಕಡೆ ತಿರುಗಿ ನೋಡಲಿಲ್ಲ.

ರಾಜಕೀಯ ಶುರುವಾದದ್ದು ರಸ್ತೆಯ ಮೇಲೆ. ಅಂಬ್ಯುಲೆನ್ಸಿಗೆ ಫೋನ್ ಮಾಡಿದೆ. ನದಿಯಾಚೆ ಶಕ್ತಿನಗರದ ಚಿಮಣಿಗಳು ಕಾಣುವ ಜಾಗ ಅದು, ನನ್ನ ಫೋನು ಆಚೆ ದಡದ ಟವರು ಹಿಡಿದಿತ್ತು. ಕರೆ ಹೋದದ್ದು ಕರ್ನಾಟಕಕ್ಕೆ. ಎತ್ತಿದ ಹೆಣ್ಣುಮಗಳು ಯಾವ ತಾಲೂಕು ಅಂದಳು, ನಾನು ಕೃಷ್ಣಾ ಮಂಡಲ ಅಂದೆ, ಜಿಲ್ಲೆ ಅಂದಳು, ನಾರಾಯಣಪೇಟೆ ಅಂದೆ. ಆಕೆಯ ತೆರೆಯ ಮೇಲೆ ನಾವು ಇರಲೇ ಇಲ್ಲ. ದಿನಾ ಹತ್ತು ಫೋನು ಬಿಚ್ಚುವವನಿಗೆ ಫೋನು ಯಾವ ಟವರಿಗೆ ಹೋಗುತ್ತದೆ ಅನ್ನುವುದು ಗೊತ್ತಿರಬೇಕಾದ ವಿಷಯ. ಗೊತ್ತಿತ್ತು ಕೂಡ. ಒಂದು ದಿನ ಅದು ಬೇಕಾಗುತ್ತದೆ ಅಂತ ಯೋಚಿಸಿರಲಿಲ್ಲ. ಕೊನೆಗೆ ಹತ್ತಿ ಹೇರಿಕೊಂಡು ಹೊರಟಿದ್ದ ಬೊಲೆರೋ ಪಿಕಪ್ ನಿಲ್ಲಿಸಿ, ಅಂಡಿಗೆಗಳ ಮೇಲೆ ಅವನನ್ನು ಮಲಗಿಸಿ, ದೇವಸೂಗೂರು ಸೇತುವೆ ದಾಟಿ ರಾಯಚೂರಿಗೆ ಹೊರಟೆವು.

ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, ರೇಷನ್ ಕಾರ್ಡ್ ಯಾವ ರಾಜ್ಯದ್ದು. ಅವನದು ಕರ್ನಾಟಕದ್ದು, ಸದ್ಯ ಬದುಕಿದೆವು. ಬಿದ್ದವನು ನಾನಾಗಿದ್ದರೆ? ನನ್ನ ಕಾರ್ಡಿಗೆ ಅಲ್ಲಿ ಏನು ಬೆಲೆ, ಮಹಬೂಬ್‌ನಗರಕ್ಕೆ ಹೋಗಬೇಕಿತ್ತೋ, ಏನೂ ಗೊತ್ತಿರಲಿಲ್ಲ. ಗಡಿಯ ಬಗ್ಗೆ ವರ್ಷಗಟ್ಟಲೆ ಭಾಷಣ ಬಿಗಿದವನಿಗೆ, ಗಡಿ ತನ್ನ ಕಿಸೆಯ ಕಾರ್ಡಿನಲ್ಲಿ ಹೇಗೆ ನಡೆಯುತ್ತದೆ ಅನ್ನುವುದು ತಿಳಿದಿರಲಿಲ್ಲ. ಮಾಸ್ತರಿಗೆ ತಿಳಿದಿತ್ತು. ಹತ್ತನೆಯದು ಮುಗಿಸಿದ ಹುಡುಗರು ಯಾವ ದಡದಲ್ಲಿ ಕಾಲೇಜಿಗೆ ಅರ್ಜಿ ಹಾಕಿದರೆ ಯಾವ ಮೀಸಲಾತಿ ಕೈ ತಪ್ಪುತ್ತದೆ ಅನ್ನುವುದನ್ನೇ ಅವರು ಆ ಬೆಳಿಗ್ಗೆಯಿಂದ ಹೇಳಲು ನೋಡುತ್ತಿದ್ದರು. 371ಜೆ ವಿಧಿಯ ಸವಲತ್ತು ರಾಯಚೂರಿನ ಹುಡುಗನಿಗುಂಟು, ಹೊಳೆ ದಾಟಿದರೆ ಅದೇ ಕನ್ನಡ ಪಾಠ ಓದಿದ ಹುಡುಗನಿಗಿಲ್ಲ. ನಾನು ನಮ್ಮಜ್ಜನ ಕಾಗದದ ಕಥೆ ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ.

ಆ ಕಾಗದದ ವಿಚಾರವೂ ಸುಳ್ಳು. ಪ್ಲಾಸ್ಟರ್ ಒಣಗುವ ದಿನಗಳಲ್ಲಿ ಅಪರಾಧಿ ಭಾವಕ್ಕೆ ಏನಾದರೂ ಕೆಲಸ ಬೇಕಿತ್ತು, 1956ರ ಕಾಯಿದೆ ಹುಡುಕಿ ಓದಿದೆ. ರಾಯಚೂರು ಜಿಲ್ಲೆಯಿಂದ ಕಳಚಿ ಆಚೆ ಸೇರಿಸಿದ್ದು ಗದ್ವಾಲ್ ಮತ್ತು ಆಲಂಪುರ ತಾಲೂಕುಗಳನ್ನು. ಗುಲ್ಬರ್ಗದಿಂದ ಕೊಡಂಗಲ್ ಮತ್ತು ತಾಂಡೂರನ್ನು. ಮಕ್ತಲ್ ಆ ಪಟ್ಟಿಯಲ್ಲಿಲ್ಲ. ಅದು ನಿಜಾಮರ ಕಾಲದಿಂದಲೂ ಮಹಬೂಬ್‌ನಗರ ಜಿಲ್ಲೆಯದ್ದೇ. ನನ್ನ ಅಂಗಡಿ ಇರುವ ಊರಿನ ಕಥೆಯನ್ನು ನನ್ನ ಮನೆ ಇರುವ ಊರಿಗೆ ಅಂಟಿಸಿಕೊಂಡು ಕೂಗಾಡುತ್ತಿದ್ದೆ. ಮೈದುನನ ಹಿಮ್ಮಡಿ ಒಡೆದದ್ದು ತಪ್ಪು ಮಾಹಿತಿಗೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ದಿನ ನನ್ನ ಮೊಬೈಲು ಚೀಲದೊಳಗಿತ್ತು, ಆಫ್ ಮಾಡಿಟ್ಟಿದ್ದೆ. ಹುಡುಗರಿಗೆ ಮಾದರಿಯಾಗಲಿ ಅಂತ ಬೆಳಿಗ್ಗೆ ಎಲ್ಲರೆದುರು ಆಫ್ ಮಾಡಿ ತೋರಿಸಿದ್ದೆ. ನನ್ನ ಗಮನ ಕದಿಯಲು ಯಾವ ತಂತ್ರಜ್ಞಾನವೂ ಬೇಕಾಗಲಿಲ್ಲ.

ಅತ್ತೆ ಬಂದರು. ಅಳಿಯನೆಂದರೆ ಇವತ್ತಿಗೂ ಸೆರಗು ಸರಿಮಾಡಿಕೊಂಡು ಮಾತಾಡುವವರು, ಗದರಿಸುವುದು ಗೊತ್ತಿಲ್ಲ. ಮಗನ ಕಾಲಿನ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತು, "ಹಗ್ಗ ನೀವ ಹಿಡಿದಿದ್ರಂತಲ್ರೀ?" ಅಂದರು. ಹೌದು ಅಂದೆ. "ಹಂಗಾರ ಆತು ಬಿಡ್ರೀ" ಅಂದರು. ಏನು ಆಯಿತು, ಯಾವುದು ಬಿಡುವುದು, ಈವರೆಗೆ ಕೇಳುವ ಧೈರ್ಯ ಬಂದಿಲ್ಲ. ಹಿಮ್ಮಡಿ ಎಲುಬು ಕೂಡುವುದು ನಿಧಾನ, ಭಾರ ಹಾಕುವಂತಿಲ್ಲ ಅಂದರು ಡಾಕ್ಟರು. ಮಿಲ್‌ನಲ್ಲಿ ನಿಂತೇ ಮಾಡುವ ಕೆಲಸ. ಹತ್ತಿ ಬರುವ ತಿಂಗಳುಗಳೇ ನಮ್ಮ ಕಡೆ ಗುಡ್ಡ ಹತ್ತುವ ತಿಂಗಳುಗಳು. ಎರಡೂ ಒಟ್ಟಿಗೆ ಹೋದವು. ಅವನ ಸುಗ್ಗಿಯ ಸಂಬಳ ನಾನು ತುಂಬಿಕೊಟ್ಟೆ, ಅಂಗಡಿಯ ಸ್ಟಾಕ್ ಮಾರಿ. ಬೇಡ ಅನ್ನಲಿಲ್ಲ ಅವನು, ಅದು ನನಗೆ ಸಮಾಧಾನ. ಬೇಡ ಅಂದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಜ್ಯೋತಿರಾಜ್ ಅವರ ಬಗ್ಗೆ ನಾನು ಮೊದಲಿನ ಹಾಗೆ ಮಾತಾಡುವುದಿಲ್ಲ. ಹಗ್ಗವಿಲ್ಲದೆ ಹತ್ತುವುದು ಈಗಲೂ ತಪ್ಪು ಅನ್ನುತ್ತೇನೆ, ಹುಡುಗರಿಗೆ ಬೇಡ ಅನ್ನುತ್ತೇನೆ. ಆದರೆ ಅವರು ಬಿದ್ದರೆ ಅದು ಅವರದೇ ಕೈ. ಕೆಳಗೆ ಇನ್ನೊಬ್ಬ ಮಾತಾಡುತ್ತ ನಿಂತಿರುವುದಿಲ್ಲ.

ನಮ್ಮ ಗುಂಪಿಗೆ ಈಗ ಕಟ್ಟುನಿಟ್ಟಾದ ನಿಯಮಗಳಿವೆ, ಮಾಡಿದವರು ಮಾಸ್ತರು. ಹಗ್ಗ ಹಿಡಿದವನು "ಸ್ಲ್ಯಾಕ್", "ಟೈಟ್", "ಹಿಡಿದೀನಿ" ಬಿಟ್ಟು ಬೇರೆ ಮಾತಾಡುವಂತಿಲ್ಲ. ಯಾರೂ ಅವನನ್ನು ಮಾತಾಡಿಸುವಂತೆಯೂ ಇಲ್ಲ. ಮಾತಾಡಿಸಿದವನು ಆ ದಿನದ ಚಹಾದ ದುಡ್ಡು ಕೊಡಬೇಕು. ಕಟ್ಟೆಯಂಥ ಬಂಡೆ ಕೆಳಗಿರುವ ಜಾಗದಲ್ಲಿ ಹೊಸಬರು ಲೀಡ್ ಹತ್ತುವುದಿಲ್ಲ, ಮೇಲಿನಿಂದ ಹಗ್ಗ ಬಿಡುತ್ತೇವೆ. ಎರಡೂ ರಾಜ್ಯದ ಕಂಟ್ರೋಲ್ ರೂಮಿನ ಪೂರ್ತಿ ನಂಬರುಗಳನ್ನು ಹಗ್ಗದ ಚೀಲದ ಒಳಮೈಗೆ ಮಾರ್ಕರ್‌ನಲ್ಲಿ ಬರೆದಿದ್ದೇವೆ, ಯಾರ ಕಾರ್ಡ್ ಯಾವ ಕಡೆಯದು ಅನ್ನುವುದನ್ನೂ. ಒಂದು ಕಂಬಳಿಯನ್ನೂ ಕೊಂಡೆವು. ಕುರಿಗಾರ ಹಿರಿಯರಿಗೆ ಹೊಸದು ಕೊಡಲು ಹೋದಾಗ ಅವರು ಕೇಳಿದ್ದು ಒಂದೇ: "ಹುಡುಗ ನಡೀತಾನೇನು?"

ನಡೆಯುತ್ತಾನೆ. ಹೋದ ಚಳಿಗಾಲದಿಂದ ಹತ್ತುತ್ತಾನೆ ಕೂಡ, ಹಗ್ಗ ಮಾಸ್ತರ ಕೈಗೆ ಕೊಟ್ಟು. ನನಗೆ ಸಿಗುವುದು ಹುಡುಗರ ಹಗ್ಗ ಮಾತ್ರ, ಅದೂ ಮೇಲಿನಿಂದ ಬಿಟ್ಟದ್ದು. ಅಭಿಪ್ರಾಯಗಳನ್ನೆಲ್ಲ ಸಂಜೆ ಕೃಷ್ಣಾ ಸ್ಟೇಷನ್‌ನ ಚಹಾದಂಗಡಿಗೆ ಎತ್ತಿಟ್ಟಿರುತ್ತೇನೆ. ಮೊನ್ನೆ ಅಲ್ಲಿ ಜಾತಿಗಣತಿಯ ಬಗ್ಗೆ ಮೈದುನನಿಗೂ ನನಗೂ ಜೋರು ಜಗಳವಾಯಿತು, ರೈಲು ತಪ್ಪಿಸಿಕೊಂಡೆವು.